ಕ್ಯಾಂಪಿನ ಬುತ್ತಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬೆಂಗಳೂರಿನಲ್ಲಿ ಬಾಡಿಗೆ ರೂಮು ಹುಡುಕಿದವರಲ್ಲ. ಹುಡುಕಿದ್ದರೆ ಆ ಗಾದೆಗೆ ಮೂರನೆಯದೊಂದು ತುಂಡು ಸೇರುತ್ತಿತ್ತು. ನಾನು ಎರಡು ಸಲ ಹುಡುಕಿದ್ದೇನೆ. ಮೊದಲ ಸಲ ತಲೆ ತಗ್ಗಿಸಿಕೊಂಡು, ಎರಡನೆಯ ಸಲ ತಲೆ ಎತ್ತಿಕೊಂಡು. ತಲೆ ತಗ್ಗಿಸಿದ ದಿನವೇ ರೂಮು ಸಿಕ್ಕಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ನಾನು ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನವಳು. ಆರ್.ಎಚ್. ಅಂದರೆ ಪುನರ್ವಸತಿ; ನಮ್ಮ ಕಡೆ ಕ್ಯಾಂಪ್ ಅಂದರೆ ಡೇರೆಯಲ್ಲ, ಊರು. ಅಜ್ಜ ಅಜ್ಜಿ ಪೂರ್ವ ಬಂಗಾಳದಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದವರು. ಸರ್ಕಾರವೇ ಅವರನ್ನು ಕರೆತಂದು, ಕಾಲುವೆ ನೀರು ಬರುವ ನೆಲ ತೋರಿಸಿ, ಇಲ್ಲಿ ಬದುಕಿರಿ ಎಂದಿತು. ಅಪ್ಪ ಹುಟ್ಟಿದ್ದು ಇಲ್ಲಿ, ನಾನು ಹುಟ್ಟಿದ್ದು ಇಲ್ಲಿ. ಮನೆಯೊಳಗೆ ಬಂಗಾಳಿ, ಹೊಸ್ತಿಲು ದಾಟಿದರೆ ಕನ್ನಡ. ನಾನು ಅಳುವುದು ಬಂಗಾಳಿಯಲ್ಲಿ, ಜಗಳ ಕಾಯುವುದು ಕನ್ನಡದಲ್ಲಿ. ಯಾಕೆಂದರೆ ಜಗಳ ಕಲಿತದ್ದು ಸರ್ಕಾರಿ ಕನ್ನಡ ಶಾಲೆಯ ನೀರಿನ ಟಾಕಿಯ ಮುಂದೆ.

ಡಿಗ್ರಿಗೆ ಲಿಂಗಸುಗೂರಿಗೆ ಹೋದೆ. ನನಗೆ ಬೇಕಾಗಿದ್ದ ಸೈನ್ಸಿನ ಸೀಟು ಸಿಕ್ಕಿದ್ದು ಅಲ್ಲೇ. ಮಸ್ಕಿಯ ಒಬ್ಬ ಹುಡುಗಿ ಜೊತೆಗೆ ಸೇರಿದಳು. ಇಬ್ಬರೂ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ರೂಮು ಹಿಡಿದೆವು. ನಮ್ಮ ಭಾಗದಲ್ಲಿ ಓದುವ ಮಕ್ಕಳ ರೂಮಿಗೆ ಇರುವುದು ಒಂದೇ ಕಟ್ಟಳೆ: ಬಸ್‌ಸ್ಟ್ಯಾಂಡಿಗೆ ಹತ್ತಿರ ಇರಬೇಕು. ಕಾರಣ ಬುತ್ತಿ. ಬೆಳಿಗ್ಗೆ ಊರಲ್ಲಿ ತಾಯಿ ಡಬ್ಬಿ ಕಟ್ಟಿ ಬಸ್ಸಿನವರ ಕೈಗೆ ಕೊಡುತ್ತಾಳೆ. ಅದು ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ ಬೆಚ್ಚಗೆ ಕೂತು ಬರುತ್ತದೆ. ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು, ಉಂಡು, ಸಂಜೆ ಖಾಲಿ ಡಬ್ಬಿಯನ್ನು ತಿರುಗಿ ಬಸ್ಸಿಗೆ ಹಾಕಬೇಕು. ಡಬ್ಬಿಯ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಕಟ್ಟಿದ ಬಟ್ಟೆಯೇ ಗುರುತು.

ನನ್ನ ಡಬ್ಬಿಗೆ ಕೆಂಪು ಚೌಕಳಿಯ ಗಮ್ಛಾ ಸುತ್ತಿರುತ್ತಿತ್ತು. ಗಮ್ಛಾ ಎಂದರೆ ನಮ್ಮ ಗಂಡಸರು ಕೊರಳಿಗೆ ಹಾಕಿಕೊಳ್ಳುವ ತೆಳು ಟವೆಲ್ಲು. ಅದರೊಳಗೆ ಅನ್ನ, ಸಾಸಿವೆ ಅರೆದು ಹಾಕಿದ ಮೀನು. ಬಟ್ಟೆ ನೋಡುವ ಮೊದಲೇ ವಾಸನೆ ನನ್ನ ಹೆಸರು ಕೂಗುತ್ತಿತ್ತು. ಕಂಡಕ್ಟರ್ ಒಬ್ಬ ದಿನಾ ತಗಾದೆ ತೆಗೆಯುತ್ತಿದ್ದ: "ಯವ್ವಾ, ನಿಮ್ಮವ್ವಗ ಹೇಳು, ಡಬ್ಬಿ ಬಿಗಿ ಮುಚ್ಚಂತ. ಮಸ್ಕಿ ದಾಟೂದ್ರಾಗ ಹೊಟ್ಟಿ ಚುರುಚುರು ಅಂತೈತಿ ನನಗ." ಒಂದು ದಿನವೂ ಅವನು ಬುತ್ತಿಯನ್ನು ಬೇಡ ಎನ್ನಲಿಲ್ಲ. ಮಸ್ಕಿಯ ಗೆಳತಿಯ ಗಂಟಿನಲ್ಲಿ ಜೋಳದ ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಅವಳ ಅವ್ವನ ತವರು ಸಂತೆಕಲ್ಲೂರು, ಜೋಳ ಅಲ್ಲಿಂದಲೇ ಬರುತ್ತಿತ್ತು. ಮೂರು ವರ್ಷ ನಾನು ಅವಳ ರೊಟ್ಟಿ ತಿಂದೆ, ಅವಳು ನನ್ನ ಮೀನು ತಿಂದಳು. ಮುಳ್ಳು ಬಿಡಿಸುವುದನ್ನು ಕಲಿಯಲು ಅವಳಿಗೆ ಒಂದು ಸೆಮಿಸ್ಟರ್ ಹಿಡಿಯಿತು.

ಆಮೇಲೆ ಇಬ್ಬರಿಗೂ ಬೆಂಗಳೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಹಾಸ್ಟೆಲಿನ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿಲ್ಲ. ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟ. ಅವನು ಹಾಕಿದ ಕರಾರು ಒಂದೇ: ಎಂಟು ದಿನದಲ್ಲಿ ರೂಮು ಸಿಗದಿದ್ದರೆ ನಾನು ತಿರುಗಿ ಬಂದು ಸಿಂಧನೂರಿನಲ್ಲಿ ಬಿ.ಎಡ್. ಸೇರಬೇಕು. ಬಿ.ಎಡ್. ಕೆಟ್ಟದ್ದೇನಲ್ಲ. ಆದರೆ ನನಗೆ ಬೇಕಾದದ್ದು ಅದಲ್ಲ.

ಆ ಎಂಟರಲ್ಲಿ ಎರಡು ದಿನವನ್ನು ನಾವು ಮೆಜೆಸ್ಟಿಕ್ಕಿಗೆ ಸುರಿದೆವು. ಯಾಕೆ ಅಂತೀರಾ? ರೂಮು ಬಸ್‌ಸ್ಟ್ಯಾಂಡಿಗೆ ಹತ್ತಿರ ಇರಬೇಕಲ್ಲ! ಮೂವರಲ್ಲಿ ಒಬ್ಬರಿಗೂ ಬೇರೆ ಯೋಚನೆಯೇ ಬರಲಿಲ್ಲ. ಲಾಡ್ಜುಗಳ ಸಂದಿಯಲ್ಲಿ, ಲಗೇಜ್ ಅಂಗಡಿಗಳ ಮಹಡಿಯಲ್ಲಿ, ಓದುವ ಹುಡುಗಿಯರಿಗೆ ರೂಮು ಐತೇನ್ರಿ ಎಂದು ಕೇಳುತ್ತ ಅಲೆದೆವು. ಜನ ನಮ್ಮನ್ನು ವಿಚಿತ್ರವಾಗಿ ನೋಡಿದರು. ಕೊನೆಗೆ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಲಿಂಗಸುಗೂರು ಕಡೆಯ ಮನುಷ್ಯ ನಮ್ಮ ಮಾತು ಕೇಳಿ ಹತ್ತಿರ ಬಂದ.

"ಕಾಲೇಜ್ ಎಲ್ಲೈತ್ರಿ?"

ಅಪ್ಪ ಹೇಳಿದ.

"ಅದು ಇಲ್ಲಿಂದ ಒಂದೂವರಿ ತಾಸಿನ ಹಾದಿ ಐತ್ರಿ ಯಜಮಾನ್ರ. ಇಲ್ಲಿ ಯಾಕ ಹುಡುಕಾಕತ್ತೀರಿ?"

"ಬುತ್ತಿ ಬರ್ತೈತಲ್ರಿ, ಬಸ್ಸಿಗೆ," ಎಂದ ಅಪ್ಪ.

ಆ ಮನುಷ್ಯ ಕೈಲಿದ್ದ ಬಟ್ಟೆ ಟೇಬಲ್ಲಿನ ಮೇಲೆ ಬಿಟ್ಟು ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ಪಾಪ, ಮೂವರಿಗೂ ಚಹ ತಂದುಕೊಟ್ಟ. ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರೆಂದು ಊರಿನಿಂದ ಫೋನು ಬಂತು. ಭತ್ತದ ನಾಟಿ ಕಾಯುವುದಿಲ್ಲ. ಹಾಸ್ಟೆಲಿನಲ್ಲಿದ್ದ ಒಬ್ಬ ಸೀನಿಯರಿನ ಕೋಣೆಯ ನೆಲದ ಮೇಲೆ ನಮಗಿಬ್ಬರಿಗೆ ಜಾಗ ಕೇಳಿಕೊಂಡು ಅಪ್ಪ ಊರಿಗೆ ಹೋದ. ಉಳಿದದ್ದು ಆರು ದಿನ.

ಕಾಲೇಜಿನ ಸುತ್ತಮುತ್ತ ಬೋರ್ಡು ತೂಗುತ್ತಿದ್ದ ಗೇಟುಗಳಿಗೇನೂ ಬರವಿರಲಿಲ್ಲ. ಎಲ್ಲ ಕಡೆ ಮಾತು ಒಂದೇ ಕಾಲುದಾರಿಯಲ್ಲಿ ನಡೆಯುತ್ತಿತ್ತು. ಯಾವೂರು? ಸಿಂಧನೂರು. ಓ, ರಾಯಚೂರು ಕಡೆ. ನಿಮ್ ಕನ್ನಡ ಒಂಥರಾ ಇದೆಯಲ್ಲ. ಹೂಂರಿ. ಆಧಾರ್ ಕೊಡಿ. ಕೊಡುತ್ತಿದ್ದೆ. ನನ್ನ ಅಡ್ಡಹೆಸರು ಓದಿದ ಕೂಡಲೇ ಕಣ್ಣು ಕಾರ್ಡಿನಿಂದ ಮುಖಕ್ಕೆ, ಮುಖದಿಂದ ಕಾರ್ಡಿಗೆ ಓಡಾಡುತ್ತಿತ್ತು. ಇದು ಬೆಂಗಾಲಿ ಹೆಸರಲ್ವಾ? ರಾಯಚೂರಲ್ಲಿ ಬೆಂಗಾಲಿಗಳು ಹೇಗೆ? ನಾನು ಅಜ್ಜಿಯಿಂದ ಶುರುಮಾಡಿ ಕಥೆ ಹೇಳಬೇಕು. ಹೇಳುತ್ತ ಹೇಳುತ್ತ ಗೇಟು ಒಂದೊಂದೇ ಬೆರಳಷ್ಟು ಮುಚ್ಚಿಕೊಳ್ಳುತ್ತ ಬರುತ್ತಿತ್ತು. ಒಬ್ಬ ಯಜಮಾನರು ನೇರವಾಗಿಯೇ ಕೇಳಿದರು, "ಬಾಂಗ್ಲಾದೇಶದವರಾ?" ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು. ನಾಚಿಕೆಪಡುವಂಥದ್ದು ನಾನೇನು ಮಾಡಿದ್ದೆ ಎಂದು ಈಗ ಕೇಳಿಕೊಳ್ಳುತ್ತೇನೆ, ಆಗ ಕೇಳಿಕೊಳ್ಳಲಿಲ್ಲ.

ಐದನೆಯ ದಿನ ಮಸ್ಕಿಯ ಗೆಳತಿ ತಲೆ ಓಡಿಸಿದಳು.

"ನೀ ಬಾಯಿ ಮುಚ್ಕೊಂಡು ನಿಂದರಬೇ. ನನ್ನ ಆಧಾರ್ ಕೊಡ್ತೀನಿ. ನೀ ನಮ್ಮ ಸೋದರಮಾವನ ಮಗಳು. ನಿನ್ನ ಕಾರ್ಡು ಊರಾಗ ಮರ್ತ ಬಂದೀದಿ. ಮುಗೀತು."

"ಸುಳ್ಳಲ್ಲೇನು?"

"ಸೀಟ್ ಬೇಕೋ ಬ್ಯಾಡೋ?"

ಸೀಟು ಬೇಕಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತೆ, ರೂಮು ಸಿಕ್ಕಿತು. ಮಹಡಿಯ ಮೇಲೆ ಒಂದು ಕೋಣೆ, ಪುಟ್ಟ ಅಡಿಗೆಮನೆ, ಕಿಟಕಿಗೆ ತಾಗಿ ಸೀಬೆಮರ. ಮನೆಯ ಒಡತಿ ಕೆಳಗಿರುವ ಒಂಟಿ ಹೆಂಗಸು, ಎಲ್ಲೋ ಗುಮಾಸ್ತೆಯಾಗಿ ನಿವೃತ್ತಳಾದವಳು. ಮಾಂಸ ಮೀನು ಕೂಡದು, ಹೊರಗಿನವರು ಕೂಡದು ಎಂದು ಎರಡೇ ಷರತ್ತು. ಒಳ್ಳೆಯವಳು ಎಂದೇ ಹೇಳಬೇಕು. ನನಗೆ ನೆಗಡಿಯಾದಾಗ ಮೆಣಸಿನ ಸಾರು ಮಾಡಿ ತಂದುಕೊಟ್ಟಳು. ಆ ಸಾರು ಕುಡಿಯುವಾಗ ನನಗೆ ಗಂಟಲಿಗಿಂತ ಬೇರೆಲ್ಲೋ ಉರಿಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎರಡು ತಿಂಗಳು ದಿನವಿಡೀ ಹೆಗಲು ಮುಟ್ಟಿಕೊಂಡೇ ಇದ್ದೆ. ಅಮ್ಮನ ಫೋನು ಬಂದರೆ ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ತುದಿಯ ಬಸ್‌ಸ್ಟಾಪಿಗೆ ಓಡಬೇಕು, ಅಲ್ಲಿ ನಿಂತು ಬಂಗಾಳಿ ಮಾತಾಡಬೇಕು. ಅಮ್ಮ ಕೇಳುತ್ತಿದ್ದಳು, ಯಾವಾಗ ಫೋನ್ ಮಾಡಿದರೂ ಬಸ್ಸಿನ ಸದ್ದೇ ಕೇಳುತ್ತದಲ್ಲ, ನೀನು ರೂಮಿನಲ್ಲಿ ಇರುವುದೇ ಇಲ್ಲವಾ? ಆಕಾಶ ನೋಡಿ ಏನೋ ಒಂದು ಹೇಳುತ್ತಿದ್ದೆ. ನಿದ್ದೆಯಲ್ಲಿ ಬಂಗಾಳಿ ಕನವರಿಸಿದರೆ ಏನು ಗತಿ ಎಂದು ಗೆಳತಿಯನ್ನು ಕೇಳಿದೆ. ಅವಳು ದಿಂಬು ತೋರಿಸಿ, "ಬಾಯಿಗೆ ಒತ್ತತೀನಿ," ಎಂದಳು. ಇಬ್ಬರೂ ನಕ್ಕೆವು. ಆಗ ಅದು ನಗುವ ಮಾತೇ ಆಗಿತ್ತು.

ನಾಟಿ, ಕಳೆ ಎಲ್ಲ ಮುಗಿದ ಮೇಲೆ ಅಪ್ಪ ನನ್ನನ್ನು ನೋಡಲು ಬರುತ್ತೇನೆಂದ. ಗೆಳತಿಯೇ ಫೋನು ತೆಗೆದುಕೊಂಡು ಅವನಿಗೆ ಪಾಠ ಹೇಳಿದಳು: "ಕಾಕಾ, ಇಲ್ಲಿ ಬಂದಾಗ ನಿಮ್ಮ ಮಾತು ಆಡಬ್ಯಾಡ್ರಿ. ಕನ್ನಡ ಮಾತಾಡ್ರಿ. ನೀವು ನನ್ನ ಸೋದರಮಾವ, ಗೊತ್ತಾತಿಲ್ರಿ? ಮತ್ತ ಮೀನ ತರಬ್ಯಾಡ್ರಿ." ಆ ಕಡೆಯಿಂದ ಅಪ್ಪ, "ಆತವಾ," ಎಂದದ್ದು ನನಗೂ ಕೇಳಿಸಿತು. ನಾನು ಪಕ್ಕದಲ್ಲೇ ಇದ್ದೆ. ಕೈ ಚಾಚಿ ಫೋನು ಕಸಿದುಕೊಳ್ಳಲಿಲ್ಲ. ಬೇಕಾದರೆ ಇದಕ್ಕಾಗಿ ನನ್ನನ್ನು ಬೈಯಿರಿ, ನಾನೂ ಜೊತೆಗೆ ಬೈಯುತ್ತೇನೆ.

ಶುಕ್ರವಾರ ಬೆಳಿಗ್ಗೆ ಅಪ್ಪ ಬಂದ. ಒಡತಿ ಗೇಟು ತೆಗೆದು, "ಬನ್ನಿ ಬನ್ನಿ, ಸಿಂಧನೂರಿಂದ ಬಂದ್ರಾ," ಎಂದು ತಾನೇ ಮಹಡಿಗೆ ಕರೆತಂದಳು. ಬಾಗಿಲಲ್ಲಿ ನಿಂತವನನ್ನು ನಾನು ಒಂದು ಕ್ಷಣ ಗುರುತಿಸಲಿಲ್ಲ. ನಮ್ಮಪ್ಪ ಎಂದೂ ಲುಂಗಿಯವನು. ಆ ದಿನ ಬಿಳಿ ಧೋತ್ರ ಉಟ್ಟು, ಹೆಗಲಿಗೆ ಬಿಳಿ ಟವೆಲ್ಲು ಹಾಕಿ, ನಮ್ಮ ಪಕ್ಕದೂರು ಸಾಲಗುಂದದ ಗೌಡರ ಹಾಗೆ ಬಂದಿದ್ದ. ಕೊರಳಲ್ಲಿ ಗಮ್ಛಾ ಇರಲಿಲ್ಲ.

"ಆರಾಮ ಅದಿಯೇನವಾ?" ಎಂದ.

ನನಗೆ. ನನ್ನಪ್ಪ. ಕನ್ನಡದಲ್ಲಿ.

ಹುಟ್ಟಿದಾಗಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕನ್ನಡ ಆಡಿದವರಲ್ಲ. ಕನ್ನಡದ ಮೇಲೆ ನನಗೆ ಮುನಿಸಿಲ್ಲ. ಈಗ ಬರೆಯುತ್ತಿರುವುದೂ ಕನ್ನಡದಲ್ಲೇ. ಆದರೆ ಅದು ಅವನು ಎತ್ತಿನೊಡನೆ, ಸೊಸೈಟಿಯ ಗುಮಾಸ್ತನೊಡನೆ, ಸಂತೆಯವರೊಡನೆ ಆಡುವ ಮಾತು. ನನ್ನೊಡನೆ ಆಡುವ ಮಾತು ಬೇರೆ. ಜ್ವರ ಬಂದಾಗ ಹಣೆಗೆ ಕೈಯಿಟ್ಟು ಆಡಿದ್ದು, ಲೆಕ್ಕದಲ್ಲಿ ಫೇಲಾದಾಗ ಬೈದದ್ದು, ಎಲ್ಲ ಆ ಮಾತಿನಲ್ಲಿ. ಈಗ ಬೀಗರ ಮನೆಗೆ ಬಂದವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, ಮಳೆ ಹೆಂಗೈತಿ, ಕಾಲೇಜು ಹೆಂಗೈತಿ ಎಂದು ಕೇಳುತ್ತಿದ್ದ. ನಾನು, "ಛಲೋ ಐತ್ರಿ," ಎಂದೆ. ಅಪ್ಪನಿಗೆ 'ರೀ' ಹಚ್ಚಿದೆ. ಗೆಳತಿ ಕಣ್ಣಲ್ಲೇ ಭೇಷ್ ಎಂದಳು.

ಅವನು ಮಡಿಲಲ್ಲಿದ್ದ ಗಂಟು ಬಿಚ್ಚಿದ. ಗಂಟಿನ ಬಟ್ಟೆಯೂ ಬಿಳಿ. ಒಳಗೆ ತೆಳ್ಳಗಿನ ಖಡಕ್ ರೊಟ್ಟಿಯ ಅಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ.

"ನಿಮ್ಮವ್ವ ಮಾಡಿ ಕೊಟ್ಟಾಳ," ಎಂದ.

ನನ್ನ ಅಮ್ಮ ಹುಟ್ಟಿದ ಮೇಲೆ ಒಂದು ರೊಟ್ಟಿ ಬಡಿದವಳಲ್ಲ. ಹಿಟ್ಟಿಗೆ ಕುದಿನೀರು ಹಾಕುವುದೂ ಅವಳಿಗೆ ಗೊತ್ತಿಲ್ಲ. ಸಾಲಗುಂದದಲ್ಲಿ ಅಪ್ಪನ ಗೆಳೆಯನ ಮನೆಗೆ ಹೋಗಿ, ಅವರ ಹೆಂಡತಿಯ ಕೈಲಿ ಮಾಡಿಸಿ, ಅವರ ಬಟ್ಟೆಯಲ್ಲೇ ಕಟ್ಟಿಕೊಂಡು, ಹನ್ನೆರಡು ತಾಸು ಬಸ್ಸಿನಲ್ಲಿ ಮುರಿಯದ ಹಾಗೆ ಮಡಿಲಲ್ಲಿಟ್ಟುಕೊಂಡು ತಂದಿದ್ದ. ಆ ರೊಟ್ಟಿ ನನಗಲ್ಲ, ಒಡತಿಗೆ ತೋರಿಸಲಿಕ್ಕೆ.

"ಆಹಾ, ಜೋಳದ ರೊಟ್ಟಿ!" ಎಂದು ಒಡತಿ ಸಂತೋಷಪಟ್ಟಳು. ಅಪ್ಪ ಅವಳನ್ನು ನೋಡಿ ನಕ್ಕ. ಆ ನಗೆಯನ್ನು ನಾನು ಸೊಸೈಟಿಯಲ್ಲಿ ಗೊಬ್ಬರಕ್ಕೆ ನಿಂತಾಗ ನೋಡಿದ್ದೆ. ಸಾಹೇಬರ ಮುಂದೆ ನಗುವ ನಗೆ ಅದು. ಅದನ್ನು ಅವನು ನನ್ನ ಮನೆಯಲ್ಲಿ, ನನ್ನ ಸಲುವಾಗಿ ನಕ್ಕ. ಇನ್ನು ಒಂದು ನಿಮಿಷ ಕೂಡ ನನ್ನಿಂದ ಆಗುವುದಿಲ್ಲ ಅನ್ನಿಸಿತು.

"ಬಾಬಾ, ಮಾಛ್ ಆನೋ ನಾಇ?" ಎಂದೆ, ಜೋರಾಗಿ. ಅಪ್ಪಾ, ಮೀನು ತರಲಿಲ್ಲವಾ?

ಗೆಳತಿಯ ಕೈಲಿದ್ದ ನೀರಿನ ಲೋಟ ನೆಲಕ್ಕೆ ಬಿತ್ತು. ಅಪ್ಪ ನನ್ನ ಮುಖ ನೋಡಿದ, ಬಾಗಿಲಲ್ಲಿದ್ದ ಒಡತಿಯನ್ನು ನೋಡಿದ. ಆಮೇಲೆ ಮೆಲ್ಲಗೆ ಬಂಗಾಳಿಯಲ್ಲೇ, ನಿನ್ನಮ್ಮ ಹುರಿದಿಟ್ಟಿದ್ದಳು, ನಾನೇ ಬೇಡ ಅಂದೆ, ಎಂದ.

"ಏನಮ್ಮ ಅದು, ಯಾವ ಭಾಷೆ?" ಒಡತಿ ಕೇಳಿದಳು.

"ಬಂಗಾಳಿ ರೀ," ಎಂದೆ. "ಇವರು ನಮ್ಮಪ್ಪ. ಅಕಿ ಸೋದರಮಾವ ಅಲ್ಲ. ನಾನು ಸಿಂಧನೂರು ಆರ್.ಎಚ್. ಕ್ಯಾಂಪಿನಾಕಿ. ಮೀನ ತಿಂತೀನಿ. ನಿಮಗ ಸುಳ್ಳ ಹೇಳಿದ್ವಿ, ಅದು ತಪ್ಪು. ಅದಕ್ಕ ಕೈ ಮುಗಿತೀನಿ. ಬ್ಯಾರೆ ಯಾವುದಕ್ಕೂ ಮುಗಿಯಂಗಿಲ್ಲ."

ಅವಳು ಕೂಗಾಡಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತಳು. "ಎರಡು ತಿಂಗಳು ನನ್ನ ಕಣ್ಣೆದುರಿಗೇ ಓಡಾಡ್ಕೊಂಡಿದ್ರಲ್ಲಮ್ಮ. ನಾಳೆ ಪೊಲೀಸ್ನೋರು ಬಂದು ಯಾರಿವ್ರು ಅಂದ್ರೆ ನಾನೇನ್ ಹೇಳ್ಲಿ?" ಆಧಾರ್ ತೆಗೆದು ಕೊಟ್ಟೆ. ಅವಳು ಮುಟ್ಟಲಿಲ್ಲ. ಭಾನುವಾರದೊಳಗೆ ಖಾಲಿ ಮಾಡಿ ಎಂದು ಹೇಳಿ ಕೆಳಗೆ ಹೋದಳು. ಮೆಣಸಿನ ಸಾರಿನ ಪಾತ್ರೆ ನಮ್ಮಲ್ಲೇ ಉಳಿದಿತ್ತು. ಮರುದಿನ ತೊಳೆದು ಅವಳ ಬಾಗಿಲಲ್ಲಿ ಇಟ್ಟುಬಂದೆ.

ಗೆಳತಿ ನನ್ನ ಮೇಲೆ ಹರಿಹಾಯ್ದಳು. "ನಿನಗ ಮೀನ ಬೇಕಾಗಿತ್ತು, ನನ್ನ ಮನಿ ಯಾಕ ಕಳದಿಬೇ? ನಾ ಏನ್ ಮಾಡಿದ್ದೆ ನಿನಗ?" ಅವಳು ನನಗಾಗಿ ಸುಳ್ಳು ಹೇಳಿದವಳು, ನನ್ನಿಂದ ಬೀದಿಗೆ ಬಿದ್ದವಳು. ಅವಳ ಸಿಟ್ಟು ನ್ಯಾಯವಾಗಿತ್ತು. "ಮೀನ ಅಲ್ಲಲೇ," ಎಂದೆ, "ನಮ್ಮಪ್ಪ ನನ್ನ ಕೂಡ ಬೀಗರಂಗ ಮಾತಾಡಿದ." ಅವಳು ಬ್ಯಾಗು ತುಂಬಿಕೊಂಡು ಸೀನಿಯರಿನ ಕೋಣೆಗೆ ಹೊರಟುಹೋದಳು.

ಅಪ್ಪ ಧೋತ್ರ ಬಿಚ್ಚಿ ಲುಂಗಿ ಉಟ್ಟ. ಚೀಲದ ತಳದಿಂದ ಗಮ್ಛಾ ತೆಗೆದು ಕೊರಳಿಗೆ ಹಾಕಿದ. ನಡಿ ಹೋಗೋಣ, ಊರಿದೆ, ಬಿ.ಎಡ್. ಇದೆ, ಇವರ ಕಾಲು ಯಾಕೆ ಹಿಡಿಯಬೇಕು ಎಂದ. ನಾನು ರೊಟ್ಟಿ ಮುರಿದು ಹಿಂಡಿ ಹಚ್ಚಿ ಅವನ ಕೈಗೆ ಕೊಟ್ಟೆ. ಹೋಗುವುದಿಲ್ಲ ಎಂದೆ. ಕಾಲೂ ಹಿಡಿಯುವುದಿಲ್ಲ, ಊರಿಗೂ ಬರುವುದಿಲ್ಲ. ಕೂತ ಜಾಗ ಬಿಟ್ಟು ಎದ್ದು ಹೋಗುವುದು ನಮ್ಮ ಮನೆತನಕ್ಕೆ ಅಜ್ಜಿಯ ಕಾಲದ್ದೇ ಸಾಕು. ಅಪ್ಪ ಬಹಳ ಹೊತ್ತು ರೊಟ್ಟಿ ಅಗಿದ. ಸಾಲಗುಂದದವರ ಕೈ ರುಚಿ ಚೆನ್ನಾಗಿದೆ ಎಂದ.

ಶನಿವಾರ ಬೆಳಿಗ್ಗೆಯಿಂದ ಮತ್ತೆ ಗೇಟುಗಳು. ಈ ಸಲ ಕ್ರಮ ಬದಲಾಯಿಸಿದೆ. ಅವರು ಕೇಳುವ ಮೊದಲೇ ಹೇಳುತ್ತಿದ್ದೆ. ನಮಸ್ಕಾರ್ರಿ, ಸಿಂಧನೂರು ಕ್ಯಾಂಪಿನಾಕಿ, ಮನ್ಯಾಗ ಬಂಗಾಳಿ, ಹೊರಗ ಕನ್ನಡ, ವಾರಕ್ಕೆರಡು ಸಲ ಮೀನ ಮಾಡ್ತೀನಿ, ಇವರು ನಮ್ಮಪ್ಪ, ಬ್ಯಾಡ ಅನ್ನೂದಿದ್ರ ಈಗ ಅಂದುಬಿಡ್ರಿ. ಬಹಳ ಜನ ಅಂದುಬಿಟ್ಟರು. ಕೆಲವರಿಗೆ ನಗು ಬಂತು, ಒಬ್ಬಾಕೆ ಬಾಗಿಲನ್ನೇ ತೆಗೆಯಲಿಲ್ಲ, ಕಿಟಕಿಯಿಂದಲೇ ಕೈಯಾಡಿಸಿದಳು. ಬಾಂಗ್ಲಾದೇಶದವರಾ ಎಂಬ ಪ್ರಶ್ನೆ ಮತ್ತೆ ಬಂತು. ನಾನು ಅದಕ್ಕೆ ಕಾದು ಕೂತಿದ್ದೆ.

"ನೀವು ಉಣ್ಣೂ ಸೋನಾಮಸೂರಿ ನಮ್ಮ ಗದ್ದಿದ ಇದ್ರೂ ಇರಬಹುದ್ರಿ. ಅದಕ್ಕ ಯಾವತ್ತರ ಆಧಾರ್ ಕೇಳೀರೇನು?"

ಆ ಮನೆಯ ಗೇಟು ದಡಾರನೆ ಮುಚ್ಚಿತು. ಅಪ್ಪ ನನ್ನನ್ನು ಬೈದ. ರಸ್ತೆಯ ತಿರುವು ದಾಟಿದ ಮೇಲೆ, ಇನ್ನೊಂದು ಸಲ ಹೇಳು, ಏನಂದೆ, ಎಂದು ಕೇಳಿಸಿಕೊಂಡು ನಕ್ಕ. ಈ ನಗೆ ಅವನದೇ ನಗೆ.

ಭಾನುವಾರ ಮಧ್ಯಾಹ್ನ, ಕಾಲೇಜಿನಿಂದ ದೂರದ ಒಂದು ಓಣಿಯಲ್ಲಿ, ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಮನೆ ಸಿಕ್ಕಿತು. ತಗಡಿನ ಮಾಡಿನ ಟೆರೇಸ್ ಕೋಣೆ. ನನ್ನ ಪ್ರವರ ಪೂರ್ತಿ ಮುಗಿಯುವ ತನಕ ಅವಳು ಮಶೀನು ತುಳಿಯುತ್ತಲೇ ಇದ್ದಳು. ಆಮೇಲೆ ಹಲ್ಲಿನಿಂದ ದಾರ ಕತ್ತರಿಸಿ ಕೇಳಿದಳು:

"ನೀರು ದಿನ ಬಿಟ್ಟು ದಿನ ಬರತ್ತೆ. ಕೊಡದಲ್ಲಿ ಮೇಲಕ್ಕೆ ಹೊರಬೇಕು. ಆಗತ್ತಾ?"

"ಆಗ್ತೈತ್ರಿ."

"ಮೀನು ಸೋಮವಾರ ಬೇಡ. ತಲೆ ಮುಳ್ಳು ಎಸೀಬೇಡ, ನನ್ನ ಬೆಕ್ಕಿಗೆ ಕೊಡು."

ಆಧಾರಿನ ಜೆರಾಕ್ಸನ್ನು ಓದಿದಳು, ಮಡಚಿದಳು, ಮಶೀನಿನ ಡ್ರಾಯರಿನಲ್ಲಿ ಗುಂಡಿಗಳ ಜೊತೆ ಇಟ್ಟಳು. ಅಷ್ಟೇ. ನನಗೆ ಅಳು ಬಂತು. ಬೆಕ್ಕನ್ನು ಹುಡುಕುವವಳ ಹಾಗೆ ಅತ್ತ ತಿರುಗಿದೆ. ಅಪ್ಪ ಅದೇ ದಿನ ಸಂಜೆಯ ಬಸ್ಸಿಗೆ ಹೋದ.

ಮೂರು ದಿನದ ನಂತರ ಮಸ್ಕಿಯ ಗೆಳತಿ ಬ್ಯಾಗು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದಳು. ತಗಡಿನ ಮಾಡು ನೋಡಿ, "ರೊಟ್ಟಿ ಹಂಚಿನ ಕೆಳಗ ಕುಂತಂಗ ಐತಲೇ," ಎಂದು ಬೈದು, ಬ್ಯಾಗು ಮೂಲೆಗೆ ಎಸೆದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ರಾತ್ರಿ ಕೋಣೆಯಲ್ಲೇ ನಿಂತು, ಕಿಟಕಿ ತೆರೆದಿಟ್ಟುಕೊಂಡು ಅಮ್ಮನಿಗೆ ಫೋನು ಮಾಡಿದೆ. ಬುತ್ತಿ ಕಳಿಸು ಎಂದೆ. ಏನು ಕಟ್ಟಲಿ ಎಂದು ಅಮ್ಮ ಅಂಜುತ್ತ ಕೇಳಿದಳು. ಬಸ್ಸಿನ ಸದ್ದಿಲ್ಲದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ. ಏನು ಕಟ್ಟಬೇಕೆಂದು ಕೇಳಬೇಕಾ ಎಂದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಮೆಜೆಸ್ಟಿಕ್ಕಿಗೆ ಹೋದೆ. ಸಿಂಧನೂರು ಬಸ್ಸು ಆಗಲೇ ಬಂದು ನಿಂತಿತ್ತು. ಜನ ಮೂಟೆ ಇಳಿಸುತ್ತಿದ್ದರು, ಪೋರ್ಟರುಗಳು, ಆಟೋದವರು, ಗದ್ದಲವೋ ಗದ್ದಲ. ಕಂಡಕ್ಟರ್ ಮುಂಬಾಗಿಲ ಮೆಟ್ಟಿಲಲ್ಲಿ ನಿಂತು, ಕೆಂಪು ಚೌಕಳಿಯ ಗಂಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೂಗು ಹಿಡಿದುಕೊಂಡಿದ್ದ. ಸುತ್ತಲಿನವರು ತಿರುಗಿ ನೋಡುತ್ತಿದ್ದರು.

"ಈ ಮೀನಿನ ಬುತ್ತಿ ಯಾರದ್ರೀಪಾ? ಹಾದಿ ತುಂಬ ಬಸ್ಸಿಗೆ ಬಸ್ಸ ಘಮಾಡ್ಸೈತಿ! ಯಾರದು?"

ನಾನು ಜನರನ್ನು ಸರಿಸಿಕೊಂಡು ಮುಂದೆ ಹೋಗಿ ಎರಡೂ ಕೈ ಚಾಚಿದೆ.

"ನಂದ್ರೀ!"